ಹದಿನೈದಿಂಚು ಅಂದ್ರೆ ಸಾಲದು ಸ್ವಾಮೀ!

ಹಳೇ ಕಾರಿಗೆ ಟೈರು ಹುಡುಕಿಕೊಂಡು ಹೋದವರಿಗೆಲ್ಲ ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿರುತ್ತೆ: "ಸಾರ್, ಇದೂ ಹದಿನೈದಿಂಚೇ, ಕೂರುತ್ತೆ ಬಿಡಿ." ನನ್ನ ತಕರಾರು ಇರೋದೇ ಈ "ಕೂರುತ್ತೆ" ಅನ್ನೋದರ ಮೇಲೆ. ಒಂಬತ್ತನೇ ನಂಬರಿನ ಕಾಲು ಹತ್ತನೇ ನಂಬರಿನ ಚಪ್ಪಲಿಯಲ್ಲೂ ಕೂರುತ್ತೆ. ಅದನ್ನ ಹಾಕ್ಕೊಂಡು ಬೆಟ್ಟ ಹತ್ತಿ ನೋಡಿ, ಆಮೇಲೆ ಮಾತಾಡೋಣ :)

ನಮ್ಮ ಹುಲ್ಲಹಳ್ಳಿ ಕಡೆ ಅಂಬಾಸಿಡರ್ ಅಂದ್ರೆ ಬರೀ ಕಾರಲ್ಲ. ಮದುವೆ ಹೆಣ್ಣು ಕೂತಿದ್ದು ಅದರಲ್ಲಿ, ಬಾಣಂತಿ ಮನೆಗೆ ಬಂದಿದ್ದು ಅದರಲ್ಲಿ, ಅರ್ಧರಾತ್ರಿ ನಂಜನಗೂಡಿನ ಆಸ್ಪತ್ರೆಗೆ ಓಡಿದ್ದೂ ಅದರಲ್ಲೇ. ನಮ್ಮ ದೊಡ್ಡಪ್ಪನ ಹತ್ತಿರ ಇನ್ನೂ ಒಂದಿದೆ, 1974ರ ಮಾರ್ಕ್ 2. ಕೆಲವು ಸಮಯದ ಹಿಂದೆ ಅದರ ಟೈರು ಸವೆದು ನುಣ್ಣಗಾಯ್ತು. ಅಂಗಡಿಯೊಂದರಲ್ಲಿ "ಆ ಸೈಜು ಈಗ ಬರಲ್ಲ" ಅಂದುಬಿಟ್ಟರು. ಅಷ್ಟಕ್ಕೇ ಮನೆಯಲ್ಲಿ ಎರಡು ಪಕ್ಷ ಆಯ್ತು. ದೊಡ್ಡಪ್ಪನ ದೊಡ್ಡ ಮಗ "ಗುಜರಿಗೆ ಹಾಕಿಬಿಡೋಣ ಕನಪ್ಪ, ಟೈರೇ ಸಿಗದ ಗಾಡಿ ಯಾಕೆ" ಅಂದ. ಚಿಕ್ಕವನು "ದಪ್ಪ ಟೈರು ಹಾಕ್ಸೋಣ, ನೋಡಕ್ಕೂ ಚೆನ್ನಾಗಿರುತ್ತೆ" ಅಂದ. ದೊಡ್ಡಪ್ಪ ಏನೂ ಹೇಳಲಿಲ್ಲ, ಗಾಡಿ ಒರೆಸೋ ಬಟ್ಟೆ ತಗೊಂಡು ಹೊರಗೆ ಹೋದರು.

ನನ್ನ ಅಭಿಪ್ರಾಯದಲ್ಲಿ ಇಬ್ಬರು ಮಕ್ಕಳದ್ದೂ ತಪ್ಪು. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ.

ಮೊದಲು ಟೈರಿನ ಮೇಲೆ ಬರೆದಿರೋದನ್ನ ಓದೋಣ. ಅಂಬಾಸಿಡರಿನ ಹಳೇ ಟೈರಿನ ಮೇಲೆ 5.90-15 ಅಂತಿರುತ್ತೆ. ಪದ್ಮಿನಿಗೆ 5.20-14, ಹಳೇ ಜೀಪಿಗೆ 6.00-16. ಮೊದಲ ಸಂಖ್ಯೆ ಟೈರಿನ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲಿ. ನಡುವೆ ಇರೋ ಅಡ್ಡಗೆರೆ ಇದು ಕ್ರಾಸ್ ಪ್ಲೈ ಟೈರು ಅನ್ನೋದರ ಗುರುತು. ಈಗಿನ ಟೈರಿನ ಮೇಲೆ 165/80 ಆರ್ 15 ಅನ್ನೋ ಥರ ಇರುತ್ತೆ. 165 ಅಗಲ, ಮಿಲಿಮೀಟರಿನಲ್ಲಿ. 80 ಅಂದ್ರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 80. ಆರ್ ಅಂದ್ರೆ ರೇಡಿಯಲ್. ಕೊನೆಯ 15 ಮಾತ್ರ ಹಳೇದು ಹೊಸದು ಎರಡರಲ್ಲೂ ಒಂದೇ. ಅಂಗಡಿಯವರು ಓದೋದೂ ಅದೊಂದನ್ನೇ!

ಹಳೇ ಟೈರಿನಲ್ಲಿ ಗೋಡೆಯ ಎತ್ತರ ಬರೆದಿರಲ್ಲ. ಈ ಕಾಲದ ಕ್ರಾಸ್ ಪ್ಲೈಗಳಲ್ಲಿ ಅದು ಅಗಲದ ಶೇಕಡಾ 95ರ ಆಸುಪಾಸು ಅಂತ ಹಿಡೀಬಹುದು. ಹಾಗಿದ್ರೆ 5.90-15ರ ಒಟ್ಟು ಎತ್ತರ ಸುಮಾರು 666 ಮಿ.ಮೀ. ಈಗಿನ ಕಾರುಗಳ 185/65 ಆರ್ 15 ಲೆಕ್ಕ ಹಾಕಿ: ಬರೀ 621 ಮಿ.ಮೀ. ಇದೂ ಹದಿನೈದಿಂಚೇ, ಕೂರುತ್ತೆ ಕೂಡ. ಆದರೆ 45 ಮಿ.ಮೀ. ಗಿಡ್ಡ. ಗಾಡಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಕೆಳಗೆ ಬಂತು. ಕಬ್ಬಿನ ಟ್ರ್ಯಾಕ್ಟರು ಓಡಾಡಿ ಗುಣಿ ಬಿದ್ದ ನಾಲೆ ಪಕ್ಕದ ರಸ್ತೆಯಲ್ಲಿ ಆ ಎರಡು ಸೆಂಟಿಮೀಟರಿಗೆ ಎಷ್ಟು ಬೆಲೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಇನ್ನೂ ಒಂದು ತಮಾಷೆ ಇದೆ. ಚಕ್ರ ಗಿಡ್ಡ ಆದ್ರೆ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು. ಮೀಟರಿಗೆ ಗೊತ್ತಾಗೋದು ಸುತ್ತು ಮಾತ್ರ, ದೂರ ಅಲ್ಲ. ಅದು 60 ತೋರಿಸಿದಾಗ ಗಾಡಿ ಓಡ್ತಿರೋದು 56ರಲ್ಲಿ. ನೂರು ಕಿಲೋಮೀಟರ್ ಓಡಿದರೆ 107 ಅಂತ ತೋರಿಸುತ್ತೆ. "ಹೊಸ ಟೈರು ಹಾಕಿದ ಮೇಲೆ ಮೈಲೇಜ್ ಜಾಸ್ತಿ ಬರ್ತಿದೆ ಸಾರ್" ಅನ್ನೋರ ಗುಟ್ಟು ಇಷ್ಟೇ. ಪೆಟ್ರೋಲು ಉಳಿದಿಲ್ಲ, ಮೀಟರು ಸುಳ್ಳು ಹೇಳ್ತಿದೆ. ಮೇಲಾಗಿ ಹಳೇ ಎಂಜಿನ್ನು ಅದೇ ವೇಗಕ್ಕೆ ಶೇಕಡಾ 7ರಷ್ಟು ಹೆಚ್ಚು ತಿರುಗಿ ಸುಸ್ತಾಗ್ತಿದೆ.

ಇನ್ನು ದಪ್ಪ ಟೈರಿನ ವಿಷಯ. ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ಮು ಬೇಕು ಅಂತ ನಿಯಮ ಇದೆ. 195/65 ಆರ್ 15ಕ್ಕೆ ಕನಿಷ್ಠ 5.5 ಇಂಚು, 185/65ಕ್ಕೆ 5 ಇಂಚು, 165/80ಕ್ಕೆ 4 ಇಂಚು ಸಾಕು. ದೊಡ್ಡಪ್ಪನ ಗಾಡಿಯ ರಿಮ್ಮನ್ನ ಒಳಗಿನ ಅಂಚಿಂದ ಅಂಚಿಗೆ ಟೇಪು ಹಿಡಿದು ಅಳೆದೆ. ನಾಲ್ಕೇ ಇಂಚು. ಅದಕ್ಕೆ 195 ಹಾಕಿದರೆ ಟೈರು ಹಿಸುಕಿದ ಬಲೂನಿನ ಹಾಗೆ ಉಬ್ಬುತ್ತೆ, ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಜೋಲಿ ಹೊಡೆಯುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜಬಹುದು. ಆಗ ಯಾರೋ ಒಬ್ಬರು "ಮಡ್‌ಗಾರ್ಡ್ ಸ್ವಲ್ಪ ಕತ್ತರಿಸೋಣ" ಅಂತಾರೆ. ಅಲ್ಲಿಗೆ ಕಥೆ ಮುಗೀತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು. "ವಿಎ" ಅಂತ ಬೇರೆಯದೇ ನಂಬರ್ ಪ್ಲೇಟು, ಮೊದಲ ಸಲಕ್ಕೆ 20,000 ರೂಪಾಯಿ ಶುಲ್ಕ. ಚಾಸಿಸ್, ಬಾಡಿ, ಎಂಜಿನ್ನು ಮೂಲದಲ್ಲಿ ಇದ್ದ ಹಾಗೇ ಇರಬೇಕು ಅನ್ನೋದು ಅದರ ಷರತ್ತು. ಟೈರಿನ ಆಸೆಗೆ ಬಾಡಿ ಕತ್ತರಿಸಿದವರಿಗೆ ಆ ಬಾಗಿಲೂ ಮುಚ್ಚಿಹೋಗಬಹುದು.

ಹಾಗಿದ್ರೆ ಹಠ ಹಿಡಿದು 5.90-15 ಕ್ರಾಸ್ ಪ್ಲೈಯನ್ನೇ ಹುಡುಕಬೇಕಾ? ಇಲ್ಲಿ ಶುದ್ಧವಾದಿಗಳ ಜೊತೆಗೂ ನನಗೆ ಜಗಳ ಇದೆ :) ಧರ್ಮಸ್ಥಳದ ಮಂಜೂಷಾದಲ್ಲೋ, ಮೈಸೂರು ರಸ್ತೆಯ ಪಯಣ ಮ್ಯೂಸಿಯಮ್ಮಿನಲ್ಲೋ ನಿಂತಿರೋ ಕಾರು ನೋಡೋಕೆ ಮೂಲದಂತೆ ಇರಬೇಕು, ಒಪ್ಪುತ್ತೀನಿ. ನಮ್ಮದು ಓಡೋ ಗಾಡಿ. ಹೊಸದಾಗಿ ತಯಾರಾದ ಕ್ರಾಸ್ ಪ್ಲೈ ಸಿಕ್ಕರೆ ಸಂತೋಷ. ಆದರೆ ಯಾವುದೋ ಗೋಡೌನಿನಲ್ಲಿ ಹತ್ತು ಹದಿನೈದು ವರ್ಷ ಮಲಗಿದ್ದ "ಒರಿಜಿನಲ್" ಟೈರು ಬೇಡವೇ ಬೇಡ. ರಬ್ಬರು ಓಡದೇ ಇದ್ದರೂ ಮುದಿಯಾಗುತ್ತೆ, ಗಟ್ಟಿಯಾಗುತ್ತೆ, ಬಿರಿಯುತ್ತೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಕೈ ಮುಗಿದು ಬಂದುಬಿಡಿ.

ಇವೆರಡರ ನಡುವಿನ ದಾರಿ ಎತ್ತರ ಹೊಂದೋ ರೇಡಿಯಲ್. 165/80 ಆರ್ 15ರ ಎತ್ತರ 645 ಮಿ.ಮೀ., ವ್ಯತ್ಯಾಸ ಶೇಕಡಾ 3ರಷ್ಟು. 175/80 ಇನ್ನೂ ಹತ್ತಿರ, 661. ಆದರೆ ಅದಕ್ಕೆ ರಿಮ್ಮು ನಾಲ್ಕೂವರೆ ಇಂಚಾದರೂ ಇರಬೇಕು. ನಾವು 165 ಹಾಕಿದೆವು. ಭಾರ ಹೊರೋದರಲ್ಲೂ ತೊಂದರೆ ಇಲ್ಲ: ಅದರ ಮೇಲಿರೋ 87 ಅನ್ನೋ ಸಂಖ್ಯೆಗೆ ಒಂದು ಟೈರಿಗೆ 545 ಕೆ.ಜಿ. ಅಂತ ಅರ್ಥ. ಖಾಲಿ ಗಾಡಿಯ ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಜಾತ್ರೆಗೆ ಹೋಗುವಾಗ ನಮ್ಮ ಮನೆಯವರು ಎಷ್ಟು ಜನ ತುಂಬಿಕೊಳ್ತಾರೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡೇ ಹೇಳ್ತಿದೀನಿ!

ಎರಡು ಎಚ್ಚರಿಕೆ. ಒಂದು, ಒಂದೇ ಅಚ್ಚಿನಲ್ಲಿ ಒಂದು ಕಡೆ ರೇಡಿಯಲ್ಲು, ಇನ್ನೊಂದು ಕಡೆ ಕ್ರಾಸ್ ಪ್ಲೈ ಯಾವತ್ತೂ ಹಾಕಬಾರದು. ಎರಡಕ್ಕೂ ತಿರುವಿನಲ್ಲಿ ರಸ್ತೆ ಹಿಡಿಯೋ ರೀತಿ ಬೇರೆ. ಬದಲಾಯಿಸಿದರೆ ನಾಲ್ಕೂ ಬದಲಾಯಿಸಿ, ಸ್ಟೆಪ್ನಿ ಮರೆಯಬೇಡಿ. ಎರಡು, ಹಳೇ ರಿಮ್ಮಿನಲ್ಲಿ ಟ್ಯೂಬ್‌ಲೆಸ್ ಟೈರನ್ನ ಹಿಡಿದಿಡೋ ಒಳ ಏರು ಇರೋದಿಲ್ಲ. ಹಾಗಾಗಿ ಟ್ಯೂಬು ಬೇಕೇ ಬೇಕು, ಅದೂ ರೇಡಿಯಲ್ಲಿಗೇ ಅಂತ ಮಾಡಿದ ಟ್ಯೂಬು.

ಐದು ಟೈರಿಗೆ ದುಡ್ಡು ಕಡಿಮೆ ಆಗಲ್ಲ ನಿಜ. ಗುಜರಿಯವನು ಕೊಡೋ ದುಡ್ಡಿನ ಜೊತೆ ಹೋಲಿಸಿದರೆ ದಡ್ಡತನ ಅನ್ನಿಸಬಹುದು. ಆದರೆ ಹಿಂದುಸ್ತಾನ್ ಮೋಟಾರ್ಸ್ 2014ರಲ್ಲಿ ಉತ್ತರಪಾರಾದಲ್ಲಿ ಕೆಲಸ ನಿಲ್ಲಿಸಿದ ಮೇಲೆ ಹೊಸ ಅಂಬಾಸಿಡರ್ ಹುಟ್ಟಿಲ್ಲ. ಇರೋವು ಅಷ್ಟೇ. ಎಂಜಿನ್ನು ಕೆಟ್ಟು ಗುಜರಿಗೆ ಹೋದರೆ ವಿಧಿ ಅನ್ನಬಹುದು. ಎಂಜಿನ್ನು ಗಟ್ಟಿಮುಟ್ಟಾಗಿದ್ದೂ, ಟೈರಿನ ಮೇಲಿನ ಮೂರು ಸಂಖ್ಯೆ ಓದೋರಿಲ್ಲದೆ ಹೋದರೆ ಅದಕ್ಕೆ ಏನನ್ನೋಣ?

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಇಂಥದ್ದೊಂದು ನಿಂತಿದ್ದರೆ ಇವತ್ತೇ ಹೋಗಿ ರಿಮ್ಮಿನ ಅಗಲ, ಟೈರಿನ ಎತ್ತರ, ತಯಾರಾದ ವಾರ ಬರೆದುಕೊಂಡು ಬನ್ನಿ. ಆಮೇಲೆ ಅಂಗಡಿಗೆ ಹೋಗಿ. "ಕೂರುತ್ತೆ" ಅಂದರೆ "ಎತ್ತರ ಎಷ್ಟು?" ಅಂತ ಕೇಳಿ. ಉತ್ತರ ಬರದಿದ್ದರೆ ಪಕ್ಕದ ಅಂಗಡಿಗೆ ನಡೀರಿ.

ಏನಂತೀರಾ?