‘ಒಂದು ಬಗೆಯ ಪಕ್ಷಿ’

ನಿಘಂಟುಕಾರರಲ್ಲಿ ಒಂದು ರೂಢಿಯುಂಟು. ಗಿಡಮರಗಳ, ಪಕ್ಷಿಗಳ ಹೆಸರು ಬಂದು, ಅದು ಯಾವುದೆಂದು ನಿಶ್ಚಯವಾಗದಿದ್ದಾಗ ‘ವೃಕ್ಷವಿಶೇಷ’, ‘ಒಂದು ಬಗೆಯ ಪಕ್ಷಿ’ ಎಂದು ಬರೆದು ಮುಂದೆ ಸಾಗುವುದು. ನಮ್ಮಂಥ ಪಂಡಿತರು ಈ ರೂಢಿಯನ್ನು ತರಗತಿಗೂ ತಂದಿದ್ದೇವೆ. ಚಂಚಲವಾದ ಕಣ್ಣುಗಳನ್ನು ಖಂಜನಕ್ಕೆ ಹೋಲಿಸುವ ಕವಿಸಮಯವನ್ನು ನಾನು ಇಪ್ಪತ್ತೈದು ವರ್ಷ ಪಾಠ ಹೇಳಿದೆ. ಉಪಮಾನ ಉಪಮೇಯಗಳನ್ನು ಬಿಡಿಸಿ ತೋರಿಸಿದೆ. ಖಂಜನವೆಂದರೆ ಏನೆಂದು ಕೇಳಿದವರಿಗೆ ‘ಒಂದು ಬಗೆಯ ಪಕ್ಷಿ’ ಎಂದೆ. ಪ್ರತಿ ಚಳಿಗಾಲ ನಮ್ಮ ನೀರಿನ ತೊಟ್ಟಿಯ ಬಳಿ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಯೇ ಅದೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ತಿಳಿಯುವುದಕ್ಕೆ ಕಾರಣವಾದದ್ದು ನನ್ನದೇ ಒಂದು ತಪ್ಪು.

ನಮ್ಮ ವಿದ್ಯಾರ್ಥಿನಿಲಯದ ಹಿಂದಿನ ತೋಟದಲ್ಲಿ ಹಕ್ಕಿಗಳಿಗೆಂದು ಜೋಳದ ತೆನೆಗಳನ್ನು ತೂಗುಹಾಕಿ, ಮಣ್ಣಿನ ಬೋಗುಣಿಯಲ್ಲಿ ನೀರಿಡುವ ಪದ್ಧತಿಯುಂಟು. ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ಹೊಸತರಲ್ಲಿ, ಏಳನೆಯ ತರಗತಿಯ ಬಾಲಕನೊಬ್ಬ ತೆನೆಯ ಮೇಲೆ ಕುಳಿತಿದ್ದ ಮಾಸಲು ಕಂದುಬಣ್ಣದ ಹಕ್ಕಿಯನ್ನು ತೋರಿಸಿ, “ಗುರುಗಳ, ಇದ್ಯಾವ ಹಕ್ಕಿರಿ?” ಎಂದು ಕೇಳಿದ. ಗೊರವಂಕವೆಂದೆ. “ಗೊರವಂಕಕ್ಕ ಕಣ್ಣಿನ ಸುತ್ತ ಹಳದಿ ಇರತೈತಿರಿ, ಇದಕ್ಕಿಲ್ಲ. ಹಾರುವಾಗ ರೆಕ್ಕ್ಯಾಗ ಬಿಳಿ ಪಟ್ಟೀನೂ ಕಾಣಲಿಲ್ಲರಿ” ಎಂದ. “ಮೊದಲು ಸಂಧಿಪ್ರಕರಣ ಓದು, ನಡಿ” ಎಂದು ಗದರಿಸಿ ಕಳುಹಿಸಿದೆ.

ನಾಲ್ಕಾರು ದಿನಗಳಲ್ಲಿ ಅದೇ ತೆನೆಗಳಿಗೆ ಒಂದು ಹಿಂಡೇ ಬಂದಿತು. ಕೆಲವಕ್ಕೆ ತಲೆ, ರೆಕ್ಕೆ, ಬಾಲ ಕಪ್ಪು, ಮೈ ಗುಲಾಬಿ. ಅವುಗಳ ನಡುವೆ ಆ ಕಂದು ಹಕ್ಕಿಗಳೂ ಇದ್ದವು. ವಿಜ್ಞಾನದ ಅಧ್ಯಾಪಕರು ಪುಸ್ತಕ ತೆರೆದು ತೋರಿಸಿದರು: ಅವು ಗುಲಾಬಿ ಕಬ್ಬಕ್ಕಿಗಳು, ಕಂದುಬಣ್ಣದವು ಆ ವರ್ಷದ ಮರಿಗಳು. ಮಿಡತೆಗಳು ಹೇರಳವಾದ ಮಧ್ಯ ಏಷ್ಯಾದ ಬಯಲುಗಳಲ್ಲಿ ಹುಟ್ಟಿ, ಚಳಿಗಾಲಕ್ಕೆ ನಮ್ಮ ಜೋಳದ ಹೊಲಗಳಿಗೆ ಬರುವ ಅತಿಥಿಗಳು. ಬಾಲಕನ ಕಣ್ಣು ಸರಿಯಾಗಿತ್ತು, ಪಂಡಿತನ ಮಾತು ತಪ್ಪಾಗಿತ್ತು. ಮರುದಿನ ತರಗತಿಯಲ್ಲಿ ಎಲ್ಲರೆದುರು ಹಾಗೆಂದು ಒಪ್ಪಿಕೊಂಡೆ. ಆದರೆ ಆ ವರ್ಷವೆಲ್ಲ ಆ ಹುಡುಗ ನನ್ನನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು (1896–1987) ಬಾಲ್ಯದಲ್ಲಿ ಕತ್ತಿನ ಮೇಲೆ ಹಳದಿ ಕಲೆಯಿದ್ದ ಗುಬ್ಬಿಯೊಂದನ್ನು ಹೊಡೆದು, ಅದೇನೆಂದು ತಿಳಿಯದೆ, ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಕೊಂಡೊಯ್ದರು. ಅಲ್ಲಿ ಮಿಲ್ಲರ್ಡ್ ಎಂಬ ಹಿರಿಯರು ಹುಡುಗನೆಂದು ಹೀಗಳೆಯದೆ, ಸಂಗ್ರಹದ ಪಕ್ಷಿಗಳನ್ನೆಲ್ಲ ತೋರಿಸಿ, ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿದರು. ಆ ಒಂದು ಉತ್ತರದಿಂದ ಒಂದು ಜೀವಮಾನದ ವಿದ್ಯೆ ಹುಟ್ಟಿತು. ನನ್ನ ಗದರಿಕೆಯಿಂದ ಏನು ನಷ್ಟವಾಯಿತೋ ಬಲ್ಲವರಾರು?

ಅಪರಿಚಿತ ಪಕ್ಷಿಯನ್ನು ಗುರುತಿಸಲು ಅಸಾಮಾನ್ಯ ಪಾಂಡಿತ್ಯ ಬೇಕಿಲ್ಲ, ಕ್ರಮ ಬೇಕು. ಗಾತ್ರ ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ? ಕೊಕ್ಕು ಕಾಳು ಒಡೆಯುವ ದಪ್ಪದ್ದೋ, ಹುಳು ಹೆಕ್ಕುವ ಸಪೂರದ್ದೋ? ಬಾಲದ ನಡೆ ಎಂತಹುದು? ಕುಪ್ಪಳಿಸುತ್ತದೆಯೋ, ನಡೆಯುತ್ತದೆಯೋ? ಸಿಪಿಲೆಗಳಲ್ಲೇ ನೋಡಿ: ಕಪ್ಪು ತಲೆಯಲ್ಲಿ ಬಿಳಿ ಹುಬ್ಬಿನದು ವರ್ಷವಿಡೀ ಇಲ್ಲಿಯದೇ, ಹಣೆಯೇ ಬಿಳಿಯಾಗಿದ್ದರೆ ಚಳಿಗಾಲದ ಅತಿಥಿ, ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲದ ಬೂದು ಸಿಪಿಲೆಯೂ ಅತಿಥಿಯೇ. ಇನ್ನೊಂದು ಮಾತು. ವಲಸೆ ಬರುವ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಹುಳು ತಿನ್ನುವಂಥವು. ಅವುಗಳಿಗೆ ಕಾಳಿನಿಂದ ಪ್ರಯೋಜನವಿಲ್ಲ. ಬೋಗುಣಿಯ ನೀರು, ಮರದಡಿಯ ತರಗೆಲೆಯ ಹಾಸು ಬೇಕು. ತೋಟವನ್ನು ಅತಿಯಾಗಿ ಗುಡಿಸದಿರುವುದೂ ಒಂದು ಆತಿಥ್ಯ.

ಈಗ ಮೊಬೈಲ್ ದೂರವಾಣಿಯಲ್ಲಿ ಚಿತ್ರ ಹಿಡಿದರೆ ಹೆಸರು ತಾನೇ ಬರುತ್ತದೆ, ಈ ಶ್ರಮವೇಕೆ ಎನ್ನುವವರುಂಟು. ಯಂತ್ರ ಹೆಸರನ್ನು ಕೊಟ್ಟೀತು. ಕಣ್ಣಿನ ಸುತ್ತ ಹಳದಿಯಿಲ್ಲವೆಂದು ಗಮನಿಸುವ ಶಿಸ್ತನ್ನು ಕೊಡಲಾರದು. ಆ ಶಿಸ್ತೇ ವಿದ್ಯೆ. ಅದು ವ್ಯಾಕರಣಕ್ಕೂ ಬೇಕು, ಬದುಕಿಗೂ ಬೇಕು.

ಆದಕಾರಣ ನನ್ನದೊಂದು ಅರಿಕೆ. ಶಾಲೆಯಲ್ಲಿ ಒಂದು ಪಕ್ಷಿದಿನಚರಿಯ ಪುಸ್ತಕವಿರಲಿ. ಕಂಡ ದಿನ, ಸ್ಥಳ, ಲಕ್ಷಣಗಳನ್ನು ಮಕ್ಕಳೇ ಬರೆಯಲಿ. ಹೆಸರು ತಿಳಿಯದಿದ್ದರೆ ಆ ಜಾಗ ಖಾಲಿಯೇ ಇರಲಿ, ಊಹೆಯಿಂದ ತುಂಬುವುದು ಬೇಡ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಹಿರಿಯರು ಹೇಳುವ ಹಕ್ಕಿಗಳ ಹೆಸರುಗಳನ್ನು ಬರೆದು ಕಳುಹಿಸಲಿ; ನಿಘಂಟುಗಳಲ್ಲಿಲ್ಲದ ಎಷ್ಟೋ ಕನ್ನಡ ಅವರ ನಾಲಗೆಯ ಮೇಲಿದೆ. ದಾನಿಗಳು ಒಂದೆರಡು ದುರ್ಬೀನುಗಳನ್ನೂ ಪಕ್ಷಿಗಳ ಕೈಪಿಡಿಯನ್ನೂ ಕೊಡಿಸಿದರೆ ಕಟ್ಟಡದಷ್ಟೇ ದೊಡ್ಡ ಕೊಡುಗೆಯಾದೀತು.

ಅಧ್ಯಾಪಕ ಬಂಧುಗಳಿಗೆ ಹೇಳುವುದಿಷ್ಟೇ. ಮಗು ಕೇಳಿದಾಗ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಬಾ ನೋಡೋಣ’ ಎನ್ನೋಣ. ‘ಒಂದು ಬಗೆಯ ಪಕ್ಷಿ’ ಎಂಬ ಉತ್ತರವನ್ನು ನಾನಂತೂ ಬಿಟ್ಟಿದ್ದೇನೆ.