ಮಾಗಿಯ ಹೊಳೆ



ಪುಷ್ಯಮಾಸದ ಮುಂಜಾವಿನಲ್ಲಿ ಸೋಮವಾರಪೇಟೆಯಿಂದ ಮಾದಾಪುರದ ಕಡೆಗೆ ಇಳಿಯುವ ದಾರಿಯಲ್ಲಿ ನಿಂತು ನೋಡಿದರೆ ಕಣಿವೆಯೇ ಕಾಣುವುದಿಲ್ಲ. ಬೋಗುಣಿಯಲ್ಲಿ ಹಾಲು ತುಂಬಿದಂತೆ ಮಂಜು ತುಂಬಿರುತ್ತದೆ. ಬಿಸಿಲೇರಿದಂತೆ ಮೊದಲು ಸಿಲ್ವರ್ ಮರಗಳ ತುದಿ, ಆಮೇಲೆ ಕಾಫಿ ಗಿಡಗಳು, ಕಟ್ಟಕಡೆಗೆ ಹೊಳೆ ಕಣ್ಣಿಗೆ ಬೀಳುತ್ತವೆ. ಅಷ್ಟು ಹೊತ್ತಿಗೆ ತೋಟದ ತರಗೆಲೆಗಳ ನಡುವೆ ನವರಂಗವೆಂಬ ಹಕ್ಕಿ ತನ್ನ ಬೆಳಗಿನ ಕೂಗನ್ನು ಮುಗಿಸಿರುತ್ತದೆ. ಉತ್ತರದ ಕಾಡುಗಳಿಂದ ಚಳಿಗಾಲವನ್ನು ಕಳೆಯಲು ಬರುವ ಈ ಹಕ್ಕಿ ಉದಯಾಸ್ತಗಳಲ್ಲಿ ತಪ್ಪದೆ ಕೂಗುವುದರಿಂದ ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ. ಮಠದಲ್ಲಿ ಓದುತ್ತಿದ್ದಾಗ ನಮಗೂ ಅದೇ ಗಡಿಯಾರವಾಗಿತ್ತು. ಅದು ಕೂಗಿದ ಮೇಲೂ ಹೊದ್ದು ಮಲಗಿದವನಿಗೆ ಅಂದು ಕಸ ಗುಡಿಸುವ ಸರದಿ.

ಐವತ್ತು ವರ್ಷಗಳ ಹಿಂದಿನ ಮಾತು. ಸ್ನಾನಕ್ಕೆ ನಾವು ಹೊಳೆಗೆ ಇಳಿಯುತ್ತಿದ್ದೆವು. ಮಳೆಗಾಲದಲ್ಲಿ ಆನೆಯನ್ನೂ ಉರುಳಿಸಿಕೊಂಡು ಹೋಗುವಂತಿದ್ದ ನೀರು ಮಾಗಿಯಲ್ಲಿ ಮೊಣಕಾಲಿಗೆ ಇಳಿದು ಕನ್ನಡಿಯಂತೆ ತಿಳಿಯಾಗಿರುತ್ತಿತ್ತು. ಹುಡುಗಾಟಿಕೆಗೆ ಕಲ್ಲುಗಳನ್ನು ಮಗುಚಿ ನೋಡುವುದು ನಮ್ಮ ಆಟ. ಕಲ್ಲಿನ ಅಡಿಯಲ್ಲಿ ಮರಳಿನ ಕಣಗಳನ್ನು ಅಂಟಿನಿಂದ ಜೋಡಿಸಿ ಕೊಳವೆಯಂಥ ಮನೆ ಕಟ್ಟಿಕೊಂಡ ಹುಳುಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಒಮ್ಮೆ ನಮ್ಮ ಗುರುಗಳು ಅದನ್ನು ಕಂಡು, “ಯಾರ ಮನೆಯ ಚಾವಣಿಯನ್ನು ಎತ್ತಿದ್ದೀಯೋ, ಹಾಗೆಯೇ ಮುಚ್ಚಿಡು” ಎಂದಿದ್ದರು. ಅಂದಿನಿಂದ ಕಲ್ಲನ್ನು ಇದ್ದಂತೆಯೇ ಇಡುವ ಅಭ್ಯಾಸವಾಯಿತು.

ಈ ಹುಳುಗಳನ್ನೇ ನಂಬಿಕೊಂಡು ಹಿಮಾಲಯದ ಆಚೀಚೆಯಿಂದ ಒಂದು ಅತಿಥಿ ಬರುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಕ್ಷಣಕಾಲವೂ ಸುಮ್ಮನಿರದೆ ಮೇಲೆ ಕೆಳಗೆ ಆಡುವ ಉದ್ದನೆಯ ಬಾಲ. ಇದು ಬೂದು ಸಿಪಿಲೆ. ಸೆಪ್ಟೆಂಬರಿನಲ್ಲಿ ಬಂದಿಳಿದರೆ ಏಪ್ರಿಲ್ ಹೊತ್ತಿಗೆ ಹಿಂದಿರುಗುತ್ತದೆ. ಹೊಳೆಯ ಒಂದು ತುಂಡನ್ನು ತನ್ನದೆಂದು ಹಿಡಿದು ಬೇರೆ ಸಿಪಿಲೆಗಳನ್ನು ಅಲ್ಲಿಂದ ಓಡಿಸುತ್ತದೆ. ಮರುವರ್ಷವೂ ಅದೇ ಜಾಗಕ್ಕೆ ಮರಳುವುದುಂಟು. ಸಾವಿರಾರು ಮೈಲಿ ಹಾರಿ ಬಂದು ಅದೇ ಬಂಡೆಯ ಮೇಲೆ ಕೂರುವ ಹಿಡಿ ಗಾತ್ರದ ಜೀವಿಯ ನೆನಪಿನ ಶಕ್ತಿಗೆ, ನಿಘಂಟನ್ನು ಉರು ಹೊಡೆದ ನಾವೂ ತಲೆಬಾಗಬೇಕು.

ಹೊಳೆಯೆಂದರೆ ನಮ್ಮ ಜನಕ್ಕೆ ಆಷಾಢ ಶ್ರಾವಣಗಳ ಭಯ. 2018ರ ಆಗಸ್ಟಿನಲ್ಲಿ ಮುಕ್ಕೋಡ್ಲು, ಹಟ್ಟಿಹೊಳೆಗಳ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ಕಂಡವರಿಗೆ ಅದು ಸಹಜವೂ ಹೌದು. ಆದರೆ ಹೊಳೆ ತಾನೇ ಭಯಪಡಬೇಕಾದ ಕಾಲ ಮಾಗಿ. ಅದು ನಮಗೆ ತಿಳಿದದ್ದು ತೀರ ತಡವಾಗಿ.

ಕೆಲವು ವರ್ಷಗಳ ಹಿಂದೆ ಪುಷ್ಯದಲ್ಲಿ ಆಪ್ತ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದೆವು. ಹಳೆಯ ನೆನಪಿನಿಂದ ಅವರ ತೋಟದ ಕೆಳಗಿನ ಹೊಳೆಗೆ ಹೋದರೆ ಮೂಗಿಗೆ ಹುಳಿ ನಾತ ಬಡಿಯಿತು. ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಕಲ್ಲೊಂದನ್ನು ಮಗುಚಿದರೆ ಅಡಿಯಲ್ಲಿ ಲೋಳೆಯ ಹೊರತು ಏನೂ ಇರಲಿಲ್ಲ. ಮಡುವಿನಲ್ಲಿ ಮೀನಿನ ಮರಿಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಸಿಪಿಲೆಯ ಸುಳಿವಿರಲಿಲ್ಲ.

ಕಾರಣ ಪಲ್ಪರ್ ನೀರು. ಅರೇಬಿಕಾ ಹಣ್ಣನ್ನು ಕುಯ್ದು ಅಂದೇ ಪಲ್ಪರಿಗೆ ಹಾಕಿ, ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆಯನ್ನು ಹುದುಗಿಸಿ ತೊಳೆದರೆ ಪಾರ್ಚ್‌ಮೆಂಟ್ ಸಿದ್ಧವಾಗುತ್ತದೆ; ಒಳ್ಳೆಯ ಬೆಲೆಯೂ ಸಿಗುತ್ತದೆ. ಆದರೆ ಆ ಲೋಳೆಯೆಲ್ಲ ಸಕ್ಕರೆ. ಅದು ನೀರಿಗೆ ಸೇರಿದಾಗ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ತಿಂದು ಬೆಳೆಯುತ್ತವೆ. ಹಾಗೆ ಬೆಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೆಲ್ಲ ಹೀರುತ್ತವೆ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಪ್ರಾಣವಾಯುವನ್ನು ಹಿಡಿದಿಡುತ್ತದೆ. ಆದ್ದರಿಂದ ಜಲಚರಗಳಿಗೆ ಚಳಿಗಾಲವೇ ಸುಭಿಕ್ಷೆಯಾಗಬೇಕಿತ್ತು. ಆದರೆ ಕೊಯ್ಲು ಬೀಳುವುದೂ ಅದೇ ಡಿಸೆಂಬರ್ ಜನವರಿಗಳಲ್ಲಿ. ಹೊಳೆ ಬಡವಾಗಿರುವಾಗಲೇ ನಾವು ಅದರ ಮೇಲೆ ಹೊರೆ ಹೊರಿಸುತ್ತೇವೆ. ಆಗಸ್ಟಿನ ಪ್ರವಾಹಕ್ಕೆ ಇದು ಲೆಕ್ಕಕ್ಕಿಲ್ಲ. ಮಾಗಿಯ ಮೊಣಕಾಲು ನೀರಿಗೆ ಮಾತ್ರ ವಿಷ. ಹುಳು ಹೋದರೆ ಸಿಪಿಲೆಗೆ ಉಪವಾಸ; ಮೀನು, ಏಡಿ ಹೋದರೆ ನೀರುನಾಯಿಗೆ ಉಪವಾಸ.

ಸಂಜೆ ಊಟವಾದ ಮೇಲೆ ಮೆಲ್ಲನೆ ಮಾತು ತೆಗೆದೆವು. ಯಜಮಾನರು ನಕ್ಕರು. “ಶಾಸ್ತ್ರಿಗಳೇ, ನಮ್ಮ ತಂದೆ ಕಾಲದಿಂದ್ಲೂ ಹಿಂಗೇ ಬಿಡ್ತಾ ಬಂದಿದೀವಿ. ಹರಿಯೋ ನೀರಿಗೆ ಎಲ್ಲಿಯ ಮೈಲಿಗೆ? ಸೂತಕ ಇಲ್ಲ ಅಂತ ನೀವೇ ಹೇಳೋದಲ್ವಾ?”

ನಿಜ, ಸೂತಕವನ್ನು ನಿರಾಕರಿಸಿದ್ದು ನಮ್ಮ ಶರಣರ ಹಿರಿಮೆ. ಆದರೆ ಅದು ಹುಟ್ಟು ಸಾವು, ಜಾತಿ, ಹೆಣ್ಣಿನ ಮುಟ್ಟು ಇವುಗಳ ವಿಷಯವಾಗಿ ಆಡಿದ ಮಾತು. ಪಲ್ಪರ್ ನೀರನ್ನು ಕುರಿತದ್ದಲ್ಲ. ಇಷ್ಟನ್ನು ಹೇಳಿ, ದೇವರ ಜಗುಲಿಯ ಕಡೆಗೆ ಕೈ ತೋರಿಸಿದೆವು. ಅಕ್ಟೋಬರಿನ ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ಅಲ್ಲಿತ್ತು. ಈ ಹೊಳೆ ಹಾರಂಗಿಗೆ ಸೇರುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ, ಅದೇ ನೀರು ರಾಮನಾಥಪುರದಲ್ಲಿ ಭಕ್ತರು ಪುರಿ ಹಾಕುವ ದೇವರ ಮೀನುಗಳ ಮುಂದೆ ಹರಿಯುತ್ತದೆ. ಯಜಮಾನರು ಮಾತಾಡಲಿಲ್ಲ. ಒಳಗಿನಿಂದ ಯಜಮಾನಿತಿಯವರು, “ಕೆಳಗಿನ ಲೈನಿನ ಹೆಂಗಸರು ಅದೇ ನೀರಲ್ಲಿ ಬಟ್ಟೆ ಒಗೀತಾರೆ, ಮೈ ತುರಿಕೆ ಅಂತ ಹೇಳ್ತಾನೇ ಇದಾರೆ” ಎಂದರು. ನಮ್ಮ ಪಾಂಡಿತ್ಯಕ್ಕಿಂತ ಆ ಒಂದು ಮಾತೇ ಹೆಚ್ಚು ನಾಟಿತೆಂದು ಕಾಣುತ್ತದೆ.

ಮುಂದಿನ ಕೊಯ್ಲಿಗೆ ಮೊದಲು ಅವರು ಹೊಂಡಗಳನ್ನು ತೋಡಿಸಿದರು. ಹುಳಿನೀರನ್ನು ಒಂದರಲ್ಲಿ ನಿಲ್ಲಿಸಿ ಸುಣ್ಣ ಬೆರೆಸುವುದು, ಗಸಿ ತಳಕ್ಕೆ ಇಳಿದ ಮೇಲೆ ಇನ್ನೊಂದಕ್ಕೆ ಬಿಡುವುದು, ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುವುದು. ಕಾಫಿ ಮಂಡಳಿಯವರು ಬಹುಕಾಲದಿಂದ ಹೇಳುತ್ತ ಬಂದಿರುವ ಕ್ರಮವೇ ಇದು. ತ್ಯಾಜ್ಯವನ್ನು ಹೊಳೆಗೆ ಬಿಡಬಾರದೆಂಬ ಕಾಯಿದೆಯಂತೂ 1974ರಿಂದಲೇ ಇದೆ. ತೊಳೆದ ನೀರನ್ನೇ ಮತ್ತೆ ಪಲ್ಪರಿಗೆ ತಿರುಗಿಸಿದ್ದರಿಂದ ಖರ್ಚಾಗುವ ನೀರೂ ಕಡಿಮೆಯಾಯಿತು. ಎಲ್ಲವೂ ಸುಸೂತ್ರವಾಗಲಿಲ್ಲ. 2021ರ ಜನವರಿಯಲ್ಲಿ ಅಕಾಲದ ಮಳೆ ಸುರಿದು ಕಣದಲ್ಲಿದ್ದ ಕಾಫಿ ನೆನೆಯಿತು, ಹೊಂಡವೂ ಉಕ್ಕಿ ಹೊಳೆಗೆ ಹರಿಯಿತು. “ಇಷ್ಟು ದುಡ್ಡು ಸುರಿದು ಏನಾಯ್ತು?” ಎಂದು ಯಜಮಾನರು ಫೋನಿನಲ್ಲಿ ಬೇಸರಿಸಿಕೊಂಡರು. ನಮ್ಮಲ್ಲಿ ಉತ್ತರವಿರಲಿಲ್ಲ. ಬಳಿಕ ಅವರೇ ಹೊಂಡಕ್ಕೆ ಏರಿ ಕಟ್ಟಿಸಿದರು.

ಈ ಮಾಗಿಯಲ್ಲಿ ಮತ್ತೆ ಹೋಗಿದ್ದೆವು. ಈಗ ಬಗ್ಗಿ ಕಲ್ಲೆತ್ತಲು ಸೊಂಟ ಕೇಳುವುದಿಲ್ಲ. ಯಜಮಾನರ ಮೊಮ್ಮಗಳು ಎತ್ತಿ ತೋರಿಸಿದಳು: ಮರಳಿನ ಮನೆಗಳು ಮೂರು. ಕಲ್ಲನ್ನು ಹಾಗೆಯೇ ಮುಚ್ಚಿಡಲು ಹೇಳಿದೆವು. ಹಳದಿ ಹೊಟ್ಟೆಯ ಹಕ್ಕಿ ಬಂದಿದೆಯೇ ಎಂದು ಕೇಳಿದರೆ, ಕೆಳಗಿನ ಸೇತುವೆಯ ಹತ್ತಿರ ಶಾಲೆಗೆ ಹೋಗುವಾಗ ದಿನವೂ ಕಾಣುತ್ತದೆ, ಮೇಲಕ್ಕೆ ಬರುವುದಿಲ್ಲ ಎಂದಳು. ಮೇಲಿನ ಮಡುವಿನಲ್ಲಿ ಈಗಲೂ ಹುಳಿ ನಾತವಿದೆ. ಅದರಾಚೆಯ ತೋಟದವರು ಇನ್ನೂ ಹೊಂಡ ತೋಡಿಸಿಲ್ಲ. ಅವರು ಯಜಮಾನರಿಗೆ ಬೀಗರಾಗಬೇಕು. ಶಿವರಾತ್ರಿಗೆ ಮೊದಲು ಹೋಗಿ ಮಾತನಾಡಿಸಿ ಬರೋಣ, ನೀವೂ ಬನ್ನಿ ಎಂದು ಯಜಮಾನರು ಕರೆದಿದ್ದಾರೆ.