ಎದೆಬಡಿತ ಅಳೆಯೋದು ಯಾರಿಗೆ?

1909ರಲ್ಲಿ ಬ್ರೆಜಿಲ್‌ನ ಲಸಾನ್ಸ್ ಊರಿನಲ್ಲಿ ಡಾಕ್ಟರ್ ಕಾರ್ಲೋಸ್ ಚಾಗಸ್ ಬಡವರ ರೋಗವೊಂದನ್ನು ಪತ್ತೆಹಚ್ಚಿದರು. ಮಣ್ಣುಗೋಡೆಯ ಬಿರುಕಿನಿಂದ ತಿಗಣೆಯಂಥ ಹುಳ ಬರುತ್ತೆ, ರಾತ್ರಿ ರಕ್ತ ಹೀರಿ ಅಲ್ಲೇ ಹೇತು ಹೋಗುತ್ತೆ. ರೋಗಾಣು ಇರೋದು ಆ ಹೇಲಿನಲ್ಲಿ. ಹತ್ತಿಪ್ಪತ್ತು ವರ್ಷ ಸದ್ದಿಲ್ಲ. ಆಮೇಲೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಹೃದಯ ಕೆಡುತ್ತೆ. ದುಡಿಯೋ ಆಳು ಇದ್ದಕ್ಕಿದ್ದಂತೆ ಹೊಲದಲ್ಲೇ ಬಿದ್ದು ಸಾಯ್ತಾನೆ.

ಆರೋಗ್ಯದ ಹೃದಯ ಗಡಿಯಾರದಂತೆ ಒಂದೇ ಸಮ ಬಡಿಯೋದಿಲ್ಲ. ಬಡಿತದಿಂದ ಬಡಿತಕ್ಕೆ ಅಂತರ ಹಿಗ್ಗುತ್ತೆ, ಕುಗ್ಗುತ್ತೆ. ಚಾಗಸ್ ರೋಗ ಹೃದಯದ ನರಗಳನ್ನು ತಿಂದರೆ ಈ ಏರಿಳಿತ ಸಾಯುತ್ತೆ. 24 ಗಂಟೆ ದಾಖಲಿಸಿ ಅಳೆದರೆ ಎದೆ ಸೋಲುವ ಮೊದಲೇ ಸುಳಿವು ಸಿಗಬಹುದು.

ಇದೇ ಅಳತೆ ಈಗ ಉಳ್ಳವರ ಕೈಗಡಿಯಾರದಲ್ಲಿದೆ, ರಾತ್ರಿ ನಿದ್ದೆ ಚೆನ್ನಾಗಾಯ್ತಾ ಅಂತ ನೋಡ್ಕೊಳ್ಳೋಕೆ! ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ. ಅದನ್ನು ಆ ಆಳಿನ ಎದೆಗೂ ಕಟ್ಟಿ ಅಂತೀವಿ. ಆದರೆ ಗೋಡೆಯ ಬಿರುಕು ಕಾಣೋಕೆ ಯಾವ ಯಂತ್ರ ಬೇಕು ಸ್ವಾಮಿ?